ಮೂರು ಸ್ಟೂಲಿನಷ್ಟು ಅಗಲ

ಸಂಜೆ ಆರು ಗಂಟೆ ಹದಿನೇಳು ನಿಮಿಷಕ್ಕೆ, ಮುಂಬಯಿಯ ದಾದರ್ ಸ್ಟೇಷನ್ನಿನಲ್ಲಿ, ನಮ್ಮ ಕಾಕಾ ತಮ್ಮ ಜೀವನದ ಮೊದಲ ತಪ್ಪು ಮಾಡಿದರು. ಅದಕ್ಕೂ ಹಿಂದಿನ ಅರವತ್ತೆರಡು ವರ್ಷ ಅವರು ಮಾಡಿದ್ದೆಲ್ಲ ಸರಿಯೇ ಆಗುತ್ತಿತ್ತು. ಅಂಥ ಮನುಷ್ಯನ ಪಕ್ಕದ ಬಿಲ್ಡಿಂಗಿನಲ್ಲಿ ಬದುಕುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೆ?

ಕಾಕಾ ಅಂದರೆ ನನ್ನ ತಂದೆಯ ತಮ್ಮ. ಧಾರವಾಡದಿಂದ ಬಂದು ಗ್ರಾಂಟ್ ರೋಡಿನ ಬಟ್ಟೆ ಕಂಪನಿಯೊಂದರ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ, ಈಗ ಬೊರಿವಲಿಯಲ್ಲಿ ಒಬ್ಬರೇ ಇದ್ದಾರೆ. ಮದುವೆಯಾಗಲಿಲ್ಲ. ಕೇಳಿದರೆ "ಗ್ಯಾರಂಟಿ ಕಾರ್ಡ್ ಯಾರೂ ಕೊಡಲಿಲ್ಲೋ" ಎನ್ನುತ್ತಾರೆ. ಅವರದೊಂದು ವ್ರತವಿದೆ. ಯಾರೂ ಕೇಳಿರದ ಕಂಪನಿಯ ಸಾಮಾನನ್ನು ಮಾತ್ರ ಕೊಳ್ಳುವುದು!

"ಹೆಸರಾದ ಕಂಪನಿಯವರು ಈಗ ಜಾಹೀರಾತು ಮಾಡ್ಕೋತ ಕೂತಾರ ತಮ್ಮಾ. ಇವರು, ಪಾಪ, ಇನ್ನೂ ಮಿಷನ್ನೇ ಮಾಡ್ತಾರ."

ನಾನು ಪದವೀಧರ. ನಲವತ್ತು ರಿವ್ಯೂ ಓದದೆ ಟೂತ್‌ಬ್ರಶ್ ಕೂಡ ಕೊಳ್ಳುವವನಲ್ಲ. ನಾನು ತಂದ ಹೆಸರಾಂತ ಮಿಕ್ಸರ್ ಮೂರನೆಯ ತಿಂಗಳಲ್ಲಿ ಅರ್ಧ ತೆಂಗಿನಕಾಯಿಗೆ ಪ್ರಾಣ ಬಿಟ್ಟಿತು. ಕಾಕಾನ ಮಿಕ್ಸರಿನ ಹೆಸರು ಮೊದಲ ಸಲ ಒರೆಸಿದಾಗಲೇ ಅಳಿಸಿಹೋಯಿತು, ಮಿಕ್ಸರ್ ಮಾತ್ರ ಹನ್ನೊಂದು ವರ್ಷದಿಂದ ಗರ್ಜಿಸುತ್ತಿದೆ. ನನ್ನ ಹೆತ್ತ ತಾಯಿ ಶೇಂಗಾ ಚಟ್ನಿ ಕುಟ್ಟಿಸಲು ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಹೋಗುತ್ತಾಳೆ! ಹೋಗುವಾಗ ನನ್ನ ಸಮಾಧಾನಕ್ಕೆ ಒಂದು ಮಾತು: "ನಿಂದು ನೋಡಲಿಕ್ಕೆ ಭಾಳ ಛಲೋ ಅದಪಾ."

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಮಗಳನ್ನೂ ಕಸಿದುಕೊಂಡರು.

ಅವಳಿಗೆ ಹನ್ನೆರಡು. ನನ್ನ ಜೊತೆ ಅವಳ ಮಾತು ಹೀಗೆ: "ಸ್ಕೂಲು ಹೇಗಿತ್ತು?" "ಫೈನ್." "ಊಟ?" "ಹೋ ಗಯಾ, ಪಪ್ಪಾ." ಎರಡು ವರ್ಷ ಭಾನುವಾರದ ಕನ್ನಡ ಕ್ಲಾಸಿಗೆ ಕಳಿಸಿದ್ದಕ್ಕೆ ಬಂದದ್ದು "ನನ್ನ ಹೆಸರು" ಎಂಬ ಎರಡು ಶಬ್ದ. ಅದೇ ಹುಡುಗಿ ಪ್ರತಿ ಸಂಜೆ ಕಾಕಾನ ಮನೆಯಲ್ಲಿ ಕೂತು, ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಲೋಕಲ್ ಟ್ರೇನು ಓಡಿಸುವ ಗೇಮ್ ಆಡುತ್ತಾಳೆ. ಇವಳು ಗಾಡಿ ಓಡಿಸುವ ಮೋಟರ್‌ಮನ್, ಕಾಕಾ ಗಾರ್ಡ್. ಲೋಕಲ್‌ನಲ್ಲಿ ಗಾರ್ಡ್ ಪ್ಲಾಟ್‌ಫಾರ್ಮ್ ನೋಡಿ ಎರಡು ಬೆಲ್ ಕೊಟ್ಟ ಮೇಲೆಯೇ ಗಾಡಿ ಹೊರಡುವುದು. ಅದಕ್ಕಾಗಿ ಕಾಕಾನ ಪೂಜೆಯ ಗಂಟೆ ದೇವರ ಮುಂದಿನಿಂದ ಲ್ಯಾಪ್‌ಟಾಪಿನ ಪಕ್ಕಕ್ಕೆ ವರ್ಗವಾಗಿತ್ತು.

ಒಂದು ದಿನ ಅವಳನ್ನು ಊಟಕ್ಕೆ ಕರೆಯಲು ಹೋದವನು ಬಾಗಿಲ ಹೊರಗೇ ನಿಂತೆ.

"ಕಾಕಾಜ್ಜಾ, ಲಗೂ ಘಂಟಿ ಹೊಡೀರಿ! ಸಿಗ್ನಲ್ ಬಿದ್ದದ!"

"ತಡಿಯವಾ, ಅಲ್ಲೊಬ್ಬಾಕಿ ಮುದುಕಿ ಹತ್ತಬೇಕು."

"ಗೇಮ್‌ನ್ಯಾಗ ಮುದುಕಿ ಎಲ್ಲಿದ್ದಾಳ್ರೀ!"

"ನಿನಗ ಕಾಣೂದಿಲ್ಲ. ನಾ ಗಾರ್ಡ್. ನನಗ ಕಾಣಸ್ತದ."

ಕನ್ನಡ! ನನ್ನ ಮಗಳು! ಅದೂ ಅಪ್ಪಟ ಧಾರವಾಡದ್ದು! ನಾನು ಬಾಗಿಲು ಬಡಿಯದೆ ಮನೆಗೆ ಬಂದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಆಮೇಲೆ ಒಂದು ಬೆಳಗ್ಗೆ ಕಾಕಾ ಬಟ್ಟೆ ಒಣಗಿಸುವ ನೈಲಾನ್ ಹಗ್ಗದ ಉದ್ದನೆಯ ತುಂಡೊಂದನ್ನು ಹಿಡಿದುಕೊಂಡು ಬಂದರು. ಅದಕ್ಕೆ ಎರಡು ಗಂಟು.

"ಲ್ಯಾಪ್‌ಟಾಪ್ ಸಣ್ಣದಾತು. ಗೇಮಿಂಗ್ ಮಾನಿಟರ್ ತರೂಣು. ಆ ಅಲ್ಟ್ರಾವೈಡ್ ಅಂತಾರಲಾ, ಅದು. ಈ ಗಂಟಿನಿಂದ ಆ ಗಂಟಿನ ತನಕಾ ಇರಬೇಕು."

"ಇಷ್ಟಗಲ ಯಾಕ ಕಾಕಾ?"

"ಮೂರು ಸ್ಟೂಲ್ ಒತ್ತಿ ಹಾಕಿ ಅಳದೇನಿ."

"ನೀವು ಇಬ್ಬರು. ಮೂರನೇ ಸ್ಟೂಲ್ ಯಾರಿಗೆ?"

"ಅದ ಒಬ್ಬರದು."

ಚಹಾದ ಫ್ಲಾಸ್ಕಿಗಿರಬೇಕು ಅಂದುಕೊಂಡೆ. ಜೊತೆಗೆ ಹೊರಟೆ. ಸಹಾಯಕ್ಕಲ್ಲ. ಆಸೆಗೆ. ಹೆಸರಿಲ್ಲದ ಕಂಪನಿಯ ಇದೊಂದು ಸಾಮಾನಾದರೂ ಕೆಡಲಿ, ಮಗಳು ಸಂಜೆ ಹೊತ್ತು ನನ್ನ ಪಕ್ಕ ಬಂದು ಕೂರಲಿ! ದೇವರ ಮುಂದೆ ಬೇಡಿಕೊಂಡಿರಲಿಲ್ಲ, ಅಷ್ಟೆ.

ಗ್ರಾಂಟ್ ರೋಡಿನ ಅಂಗಡಿಯವನು ನಾಲ್ಕು ಒಳ್ಳೊಳ್ಳೆಯ ಮಾನಿಟರ್ ತೋರಿಸಿದ. ಕಾಕಾ ಒಂದೊಂದಕ್ಕೂ ಅಡ್ಡ ತಲೆಯಾಡಿಸಿದರು. "ಯೇ ನಾಮ್ ತೋ ಸುನಾ ಹೈ. ರಹನೇ ದೋ." ಕೇಳಿದ ಹೆಸರಾದ್ದರಿಂದ ಬೇಡ! ಅಂಗಡಿಯವನು ತಲೆ ಕೆರೆದುಕೊಂಡು ಅಟ್ಟದಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. ಯಾವ ಕಂಪನಿ ಅಂತ ಕೇಳಿದರೆ ಅವನೇ ಡಬ್ಬಿ ತಿರುಗಿಸಿ ಓದಿ ಹೇಳಬೇಕಾಯಿತು. ಕಾಕಾನ ಮುಖ ಅರಳಿತು! ನಾನು ರಿಫ್ರೆಶ್ ರೇಟ್, ಪ್ಯಾನೆಲ್, ವಾರಂಟಿ ಅಂತ ಓದಿಕೊಂಡು ಬಂದದ್ದನ್ನೆಲ್ಲ ಕೇಳಿದೆ.

"ಯೇ ಸಾಬ್ ಭೀ ಗೇಮ್ ಖೇಲ್ತೇ ಹೈಂ?" ಅಂಗಡಿಯವನು ಕಾಕಾನನ್ನು ಕೇಳಿದ.

"ಇಲ್ಲಪಾ, ಇಂವಾ ರಿವ್ಯೂ ಓದ್ತಾನ."

ಆ ಗುಜರಾತಿ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಏನು ಅರ್ಥವಾಯಿತು ಅವನಿಗೆ? ಕಾಕಾ ಕನ್ನಡದಲ್ಲಿ ತಮಾಷೆ ಮಾಡಿದರೆ ಗುಜರಾತಿ ನಗುತ್ತಾನೆ. ನಾನು ಯಾವ ಭಾಷೆಯಲ್ಲಿ ಮಾಡಿದರೂ ನನ್ನ ಹೆಂಡತಿ ನಗುವುದಿಲ್ಲ.

ಮಾನಿಟರ್ ಗಂಟಿನಿಂದ ಗಂಟಿಗೆ ಸರಿಹೋಯಿತು. ಅದೇ ಹಗ್ಗವನ್ನು ಡಬ್ಬಿಗೆ ಬಿಗಿದು ಎರಡು ತುದಿಗೆ ಎರಡು ಹಿಡಿಕೆ ಮಾಡಿದರು. ಒಂದು ಅವರಿಗೆ, ಒಂದು ನನಗೆ.

ದಾದರ್‌ನಲ್ಲಿ ಇಳಿದು ಫಾಸ್ಟ್ ಲೋಕಲ್ ಹಿಡಿಯಬೇಕು. ಆರು ಹದಿನೇಳಕ್ಕೆ ಬಂದದ್ದು ವಿರಾರ್ ಗಾಡಿ. ಈ ಊರಿನ ಬರೆಯದ ಕಾನೂನು ನಿಮಗೆ ಹೇಳಲೇಬೇಕು. ಬೊರಿವಲಿಗೆ ಇಳಿಯುವವರು ಸಂಜೆಯ ವಿರಾರ್ ಗಾಡಿ ಹತ್ತಬಾರದು. ಹತ್ತಿದರೆ ದೂರ ಹೋಗುವವರು ಇಳಿಯಲು ಬಿಡುವುದಿಲ್ಲ. "ಬೊರಿವಲಿ ಲೋಕಲ್ ಮರ್ ಗಯೀ ಥೀ ಕ್ಯಾ?" ಬೊರಿವಲಿಗೆಂದೇ ಇರುವ ಗಾಡಿ ಸತ್ತಿತ್ತೆ ಅಂತ ಬಾಗಿಲಲ್ಲೇ ವಿಚಾರಣೆ ನಡೆಯುತ್ತದೆ. ಮೂವತ್ತನಾಲ್ಕು ವರ್ಷ ಓಡಾಡಿದ ಕಾಕಾನಿಗೆ ಇದು ಗೊತ್ತಿರಲಿಲ್ಲವೆ?

"ಡಬ್ಬಿ ನೋಡಿ ದಾರಿ ಬಿಡ್ತಾರ, ಬಾ. ಕೂಸು ಕಾಯ್ತಿರತದ."

"ಕಾಚ್ ಹೈ, ಕಾಚ್!" ಎಂದು ಕೂಗುತ್ತ ಒಳಗೆ ನುಗ್ಗಿದರು. ಗಾಜು ಅಂದದ್ದಕ್ಕೆ ಜನ ಹೊಟ್ಟೆ ಒಳಗೆಳೆದುಕೊಂಡು ಜಾಗ ಕೊಟ್ಟರು. ಅಂಧೇರಿ ದಾಟುವಷ್ಟರಲ್ಲಿ ಡಬ್ಬಿಯ ಚರಿತ್ರೆ ಅರ್ಧ ಬೋಗಿಗೆ ಗೊತ್ತಾಗಿತ್ತು. "ರೋಜ್ ಟ್ರೇನ್, ಘರ್ ಮೇ ಭೀ ಟ್ರೇನ್?" ಎಂದು ಯಾರೋ ಕೇಳಿದರು. "ಚೌತೀಸ್ ಸಾಲ್ ಲೋಗೋಂ ಕಾ ಪೀಠ್ ದೇಖಾ ಭಾಯಿ, ಅಬ್ ಪಟರಿ ದೇಖ್ನಾ ಹೈ" ಎಂದರು ಕಾಕಾ. ಇಷ್ಟು ವರ್ಷ ಜನರ ಬೆನ್ನು ನೋಡಿದ್ದಾಯಿತು, ಇನ್ನು ಹಳಿ ನೋಡಬೇಕಂತೆ! ಅದಕ್ಕೆ ಒಬ್ಬ ಎದ್ದು ತನ್ನ ಸೀಟು ಕೊಟ್ಟ! ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಅರ್ಧ ಸೀಟೂ ಕೊಟ್ಟಿಲ್ಲ. ಹೊಟ್ಟೆಕಿಚ್ಚಿಗೆ ನನ್ನ ಕಡೆಯ ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡೆ. ಡಬ್ಬಿ ಬಿದ್ದರೆ ನನ್ನ ಕೈಯಿಂದ ಬಿತ್ತು ಅನ್ನಿಸಿಕೊಳ್ಳಬಾರದು, ನೋಡಿ.

ಬೊರಿವಲಿ ಬಂತು. ಕಾಕಾನ ಅಭಿಮಾನಿಗಳೆಲ್ಲ ಒಳಗಿದ್ದರು. ಬಾಗಿಲಲ್ಲಿದ್ದವರಿಗೆ ಗಾಜೂ ಗೊತ್ತಿಲ್ಲ, ಪಟರಿಯೂ ಗೊತ್ತಿಲ್ಲ. ಹೇಗೋ ನುಸುಳಿ ನಾನು ಪ್ಲಾಟ್‌ಫಾರ್ಮಿಗೆ ಕಾಲಿಟ್ಟೆ. ಡಬ್ಬಿ ಅರ್ಧ ಹೊರಗೆ ಬಂದಿತ್ತು. ಅಷ್ಟರಲ್ಲಿ ಹತ್ತುವವರ ಅಲೆ ನುಗ್ಗಿತು. ಡಬ್ಬಿ ಸಿಕ್ಕಿಕೊಂಡಿತು. ಗಾಡಿ ಹೊರಟಿತು.

ಮೊದಲ ನಾಲ್ಕು ಹೆಜ್ಜೆ ನಡೆದೆ. ಆಮೇಲೆ ಓಡಿದೆ. ಹಗ್ಗ ಮಣಿಕಟ್ಟನ್ನು ಕಚ್ಚಿತ್ತು. ಇನ್ನೊಂದು ಕೈಯಿಂದ ಬಿಡಿಸಲು ನೋಡಿದೆ, ಆಗಲಿಲ್ಲ. ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಆ ಕಪ್ಪು ಸಂದು ನನ್ನ ಬಲಗಾಲಿನ ಪಕ್ಕದಲ್ಲೇ ಓಡುತ್ತಿತ್ತು. "ಬಿಡೋ, ಬಿಡೋ!" ಎಂದು ಕಾಕಾ ಕೂಗಿದರು. ನಾನು ಕೈ ಎತ್ತಿ ಹಗ್ಗ ತೋರಿಸಿದೆ. ಅವರು ನೋಡಿದರು. ಮುಂದಿನ ಕ್ಷಣ ತಮ್ಮ ಕಡೆಯ ಹಿಡಿಕೆ ಬಿಟ್ಟು, ಬಾಗಿಲ ಮೇಲಿನ ಕಂಬಿಗೆ ಜೋತುಬಿದ್ದು, ಡಬ್ಬಿಗೆ ಎರಡೂ ಪಾದ ಕೊಟ್ಟು ಹೊರಗೆ ಒದ್ದರು. ಡಬ್ಬಿ ನನ್ನ ಎದೆಗೆ ಬಡಿಯಿತು. ನಾನೂ ಮೂರು ಸ್ಟೂಲಿನಷ್ಟು ಅಗಲದ ಆ ಮಾನಿಟರೂ ಪ್ಲಾಟ್‌ಫಾರ್ಮಿನ ಒಳಬದಿಗೆ ಉರುಳಿದೆವು. ಕಾಕಾ ವಿರಾರ್ ಕಡೆಗೆ ಹೋದರು.

ಭಾಯಂದರ್‌ನಲ್ಲಿ ಇಳಿದು ಅವರು ವಾಪಸು ಬರುವವರೆಗೆ ನಾನು ಬೆಂಚಿನ ಮೇಲೆ ಮಣಿಕಟ್ಟಿನ ಹಗ್ಗ ಬಿಡಿಸುತ್ತ ಕೂತಿದ್ದೆ.

"ಕೈ ಆಡ್ಸು. ಕಾಲ ಆಡ್ಸು. ನಾ ಯಾರು ಹೇಳು."

"ಕಾಕಾ."

"ಹ್ಞಾಂ, ತಲಿ ಸರಿ ಅದ."

"ಡಬ್ಬಿ ನೋಡ್ರಿ ಕಾಕಾ, ಮೂಲಿ ಜಜ್ಜೇದ."

"ಡಬ್ಬಿಗೆ ಬೆಂಕಿ ಹಚ್ಚು!"

ಅದರ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಹಿಡಿದದ್ದನ್ನು ಬಿಡುವುದರಲ್ಲೂ ಇವರೇ ಮುಂದೆ!

ಮನೆಗೆ ತಂದು ಸ್ವಿಚ್ ಒತ್ತಿದರೆ ಮಾನಿಟರ್ ಹತ್ತಿಕೊಂಡಿತು. ಹತ್ತಿಕೊಳ್ಳದೇ ಇರುತ್ತದೆಯೆ? ಅದು ಕಾಕಾನದು. ಎಡಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಕಪ್ಪು ಕಲೆ. ಕೊನೆಗೂ ಕೆಟ್ಟಿತ್ತು! ನಾನು ಬಯಸಿದ್ದು ಆಗಿತ್ತು. ಸಂತೋಷ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಕಾಲ ಪಕ್ಕದಲ್ಲಿ ಆ ಸಂದು ಓಡುತ್ತಿತ್ತು. ಹತ್ತು ಹನ್ನೆರಡು ದಿನ ಒಂದು ಗಂಟೆಯೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆಫೀಸಿಗೆ ಬಸ್ಸಿನಲ್ಲಿ ಎರಡೂವರೆ ಗಂಟೆ ಕೂತು ಹೋಗುತ್ತಿದ್ದೆ. ಹೆಂಡತಿಗೆ "ಬಸ್ಸಿನಲ್ಲಿ ಗಾಳಿ ಚೆನ್ನಾಗಿದೆ" ಅಂದೆ.

ಭಾನುವಾರ ಸಂಜೆ ಮಗಳು ಬಂದು ಕೈ ಹಿಡಿದು ಎಳೆದುಕೊಂಡು ಹೋದಳು. ಕಾಕಾನ ಮನೆಯಲ್ಲಿ ಮಾನಿಟರಿನ ಮುಂದೆ ಮೂರು ಸ್ಟೂಲು. ನಡುವಿನದು ಮಗಳದು, ಬಲಗಡೆಯದು ಕಾಕಾನದು. ಎಡಗಡೆಯದರ ಮೇಲೆ ಹಳೆಯ ಸ್ವೆಟರ್ ಮಡಿಸಿ ಮೆತ್ತಗೆ ಮಾಡಿದ್ದರು. ಫ್ಲಾಸ್ಕು ನೆಲದ ಮೇಲಿತ್ತು.

"ಇದು ನಿಮ್ದು ಪಪ್ಪಾ. ಮೊದಲಿಂದ ನಿಮ್ದು" ಎಂದಳು ಮಗಳು. ನನ್ನ ಜೊತೆ. ಕನ್ನಡದಲ್ಲಿ.

"ಮೊದಲಿಂದ ಅಂದರ? ಕರೀಲೇ ಇಲ್ಲಲ್ಲ ಕಾಕಾ!"

"ಕರದ್ರ ಬರ್ತಿದ್ದೇನು? ಬಾಗಲ ತನಕಾ ಬಂದು ಹಂಗೇ ತಿರುಗಿ ಹೋಗಾಂವ ನೀ."

"ನಿಮಗ ಹೆಂಗ ಗೊತ್ತು?"

"ನಾ ಗಾರ್ಡ್." ಗಂಟೆ ಎತ್ತಿ ನನ್ನ ಕೈಯಲ್ಲಿಟ್ಟರು. "ಆ ಕಪ್ಪು ಮೂಲ್ಯಾಗ ನನಗ ಏನೂ ಕಾಣವಲ್ದು. ನೀ ಅದರ ಬಾಜೂಕ ಕೂತು ನೋಡು. ಎಲ್ಲಾರೂ ಇಳದ ಮ್ಯಾಲೇ ಹೊಡಿ."

ಮಗಳು ಗಾಡಿ ತಂದು ಬೊರಿವಲಿಯಲ್ಲಿ ನಿಲ್ಲಿಸಿದಳು. ಸಿಗ್ನಲ್ ಹಸಿರಾಯಿತು. ನಾನು ನೋಡಿದೆ. ಗಂಟೆ ಹಿಡಿದ ಕೈ ಮೇಲೇಳಲಿಲ್ಲ. ಹಿಂದೆ ಎಷ್ಟು ಗಾಡಿ ಕಾದವೋ! ಕಾಕಾ ಸಿಗ್ನಲನ್ನು ನೋಡುತ್ತಿರಲಿಲ್ಲ. ನನ್ನ ಮಣಿಕಟ್ಟಿನ ಮೇಲಿನ ಹಗ್ಗದ ಗುರುತನ್ನು ನೋಡುತ್ತಿದ್ದರು.

"ಪಪ್ಪಾ, ಇಳಿದ್ರಾ ಎಲ್ಲಾರೂ?"

ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ, ಆಮೇಲೆ ಕಪ್ಪು ಕಲೆಯ ಅಂಚಿಗೆ ಬಗ್ಗಿ, ಇನ್ನೊಮ್ಮೆ ನೋಡಿದೆ.

"ಇಳಿದರು" ಎಂದು ಎರಡು ಸಲ ಗಂಟೆ ಹೊಡೆದೆ.

ಆ ರಾತ್ರಿ ಮಲಗಿದವನಿಗೆ ಎಚ್ಚರವಾದಾಗ ಸೋಮವಾರ ಬೆಳಕು ಹರಿದಿತ್ತು. ಹಾಲಿನವನು ಬಾಗಿಲಲ್ಲಿ ಬೆಲ್ ಒತ್ತುತ್ತಿದ್ದ.