ಮಾಬ್ ಎನಿಸಿಕೊಂಡ ಬೀದಿ

ಕೊಯಮತ್ತೂರಿನ ಅಂಚಿನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಇಂಗ್ಲಿಷ್ ಓದಬಲ್ಲ ರಿಟೈರ್ಡ್ ಟೀಚರ್ ನಾನೊಬ್ಬಳೇ. ಹಾಗಾಗಿ ಬೀದಿಯವರ ಅರ್ಜಿ ಬರೆಯುವುದು, ಕಾಗದ ಓದಿ ಹೇಳುವುದು ಎಲ್ಲ ನನ್ನ ಮನೆ ಜಗಲಿಯ ಮೇಲೆ ನಡೆಯುತ್ತಲೇ ಇರುತ್ತವೆ.

ಅರ್ಜಿ

ಪ್ರೈವೇಟ್ ಬಸ್ಸಿನವರು ನಮ್ಮ ಸ್ಟಾಪಿಂಗ್ ತೆಗೆದುಬಿಟ್ಟರು. ಹೆಂಗಸರು ಸೀರೆ ಗಂಟು ಹೊತ್ತು ಒಂದು ಮೈಲಿ ನಡೆಯಬೇಕಾಯಿತು. 'ಕಾಮನ್ ಪೀಪಲ್‌ಗೆ ತೊಂದರೆಯಾಗಿದೆ' ಎಂದು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಎದುರುಮನೆ ಅಜ್ಜಿ ಅರ್ಥ ಕೇಳಿದರು.

"ಸಾಧಾರಣ ಜನ ಅಂತ, ಅಜ್ಜಿ."

"ಯಾರು ಸಾಧಾರಣ? ನಾನು ನೇಯ್ದ ಸೀರೆ ಉಟ್ಕೊಂಡು ಎಷ್ಟು ಹುಡ್ಗೀರು ಮದ್ವೆ ಆಗವ್ರೆ! ಹೊಡ್ದು ಹಾಕು ಅದನ್ನ."

ಹೊಡೆದು ಹಾಕಿದೆ. ಜೀವನವಿಡೀ ಮಕ್ಕಳ ತಪ್ಪು ತಿದ್ದಿದವಳ ಕಾಗದಕ್ಕೆ ಗೆರೆ ಬಿದ್ದದ್ದು ಅದೇ ಮೊದಲು. ಗೆರೆ ಎಳೆಸಿದವರಿಗೆ ಎಬಿಸಿಡಿ ಬರುವುದಿಲ್ಲ.

ಉತ್ತರ

ಅರ್ಜಿ ಕೊಡಲು ಇಡೀ ಬೀದಿ ಒಮ್ಮೆಗೇ ಬಸ್ ಆಫೀಸಿಗೆ ನುಗ್ಗಿತು. ಮ್ಯಾನೇಜರ್ ಹೆದರಿ ಬಾಗಿಲು ಹಾಕಿಕೊಂಡರು. ಆಮೇಲೆ ಬಂದ ಉತ್ತರದಲ್ಲಿ ನಾವು 'ಅನ್‌ರೂಲಿ ಮಾಬ್' ಆಗಿದ್ದೆವು. ಅಂಕೆ ಮೀರಿದ ಗುಂಪು ಎಂದು ಬಿಡಿಸಿ ಹೇಳುವಾಗ ನನಗೆ ಮೈಯೆಲ್ಲ ಉರಿಯಿತು. ಅಜ್ಜಿ ಮಾತ್ರ ತಣ್ಣಗೆ ಕೇಳಿದರು: "ಎಷ್ಟು ಜನ ಸೇರಿದ್ರೆ ಮಾಬು?"

"ಲೆಕ್ಕ ಇಲ್ಲ ಅಜ್ಜಿ. ಒಬ್ರೇ ಹೋದ್ರೆ ಮಾಬ್ ಅಲ್ಲ, ಅಷ್ಟೇ."

"ಸರಿ ಬಿಡು. ಒಬ್ಬೊಬ್ರೇ ಹೋಗಾಣ."

ತಾಂಬೂಲ

ನಮ್ಮ ಬೀದಿಯಲ್ಲಿ ದೊಡ್ಡವರನ್ನು ಏನಾದರೂ ಕೇಳಿಕೊಳ್ಳುವಾಗ ಮನೆಗೊಬ್ಬರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೊಡುತ್ತಾರೆ. ಪಡೆಯುವವರು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ನಲವತ್ತು ಮನೆ, ನಲವತ್ತು ತಟ್ಟೆ. ಸಾಲು ಆಫೀಸಿನಿಂದ ಹೊರಟು ಬಸ್ಸುಗಳ ಗೇಟು ದಾಟಿ ರಸ್ತೆಗೆ ಬಂತು. ಯಾರೂ ನೂಕಾಡಲಿಲ್ಲ. ಒಂದು ಬಸ್ಸೂ ಹೊರಗೆ ಬರಲಾಗಲಿಲ್ಲ.

ಹನ್ನೆರಡು ಸಲ ಎದ್ದು ಕೂತ ಮ್ಯಾನೇಜರ್ ತಮಿಳಿನಲ್ಲಿ ಬೇಡಿಕೊಂಡರು: "ಎಲ್ಲರೂ ಒಟ್ಟಿಗೇ ಕೊಟ್ಟುಬಿಡಿ ಅಮ್ಮಾ!"

ಅಜ್ಜಿಯೂ ತಮಿಳಿನಲ್ಲೇ ಹೇಳಿದರು: "ಒಟ್ಟಿಗೆ ಬಂದರೆ ಮಾಬ್ ಆಗಿಬಿಡುತ್ತೆ ಸಾಮಿ."

ಹದಿಮೂರನೇ ತಟ್ಟೆ ಒಳಗೆ ಹೋಗುವ ಮೊದಲೇ ಸ್ಟಾಪಿಂಗ್ ವಾಪಸ್ ಬಂತು. ನನ್ನ ಖುಷಿ ಕೇಳಬೇಡಿ, ಉಳಿದ ಎಲೆ ಅಡಿಕೆಯನ್ನು ನಾವೇ ಹಂಚಿಕೊಂಡು ಬಾಯಿ ಕೆಂಪು ಮಾಡಿಕೊಂಡು ಬಂದೆವು.

ಮರುದಿನ ನಾನೂ ಅಜ್ಜಿಯೂ ಕೂತಿದ್ದ ಬಸ್ಸು ನಮ್ಮ ಬೀದಿಯ ಮುಂದೆ ನಿಂತಿತು. ಕಂಡಕ್ಟರ್ ಸೀಟಿ ಊದಿ ಕೂಗಿದ: "ಮಾಬ್ ಸ್ಟಾಪಿಂಗ್ ಯಾರಪ್ಪಾ, ಇಳೀರಿ!"

ಅವನನ್ನು ತಿದ್ದಲು ನಾನು ಬಾಯಿ ತೆರೆದೆ. ಅಜ್ಜಿ ನನ್ನ ಸೆರಗು ಹಿಡಿದೆಳೆದರು.

"ಸುಮ್ನಿರು ಟೀಚರಮ್ಮಾ. ಆ ಹೆಸ್ರು ಇರೋವರ್ಗೂ ಯಾವ ಡ್ರೈವರ್ರೂ ನಿಲ್ಲಿಸ್ದೆ ಹೋಗಲ್ಲ."