ಬೈಠಕ್ ಯಂತ್ರದ ಎದುರಿಗೆ ನಿಂತವಳು

ಕೂತು ಏಳುವುದರಲ್ಲಿ ನಗುವಂಥದ್ದೇನಿದೆ ಎಂದು ಕೇಳುವವರು ಎಂಬತ್ತರ ದಶಕದಲ್ಲಿ ಗಂಗಾವತಿಯ ನಮ್ಮ ಗರಡಿಗೆ ಬಂದಿರಲಿಕ್ಕಿಲ್ಲ. ನಾನು ಬೆಳಗ್ಗೆ ಶಾಲೆಯ ಡ್ರಿಲ್ ಮಾಸ್ತರ, ಸಂಜೆ ಗರಡಿಯ ಉಸ್ತಾದ. ಎರಡು ಕಡೆಯೂ ನನ್ನ ಮಾತು ಯಾರೂ ಕೇಳುತ್ತಿರಲಿಲ್ಲ.

೧. ಪೂಜೆ

ಅಕ್ಕಿ ಗಿರಣಿಯ ಫಿಟ್ಟರ್ ಒಬ್ಬ ಹಳೇ ಶಾಫ್ಟ್ ತಂದು ನಮಗೊಂದು ಬೈಠಕ್ ಯಂತ್ರ ಮಾಡಿಕೊಟ್ಟ. ಎರಡು ಕಂಬ, ಅವುಗಳ ನಡುವೆ ಮೇಲೆ ಕೆಳಗೆ ಜಾರುವ ಸಲಾಕೆ. ಹೆಗಲ ಮೇಲಿಟ್ಟುಕೊಂಡು ಕೂತು ಎದ್ದರೆ ಭಾರ ಅತ್ತಿತ್ತ ವಾಲುವುದಿಲ್ಲ. ಸಾಕಾದರೆ ಕೊಕ್ಕೆಗೆ ಸಿಗಿಸಿಬಿಡಬಹುದು.

ಪೈಲ್ವಾನರು ಅದಕ್ಕೆ ವಿಭೂತಿ ಬಳಿದು, ಹಾರ ಹಾಕಿ, ಕಾಯಿ ಒಡೆದರು. ಆಮೇಲೆ ಒಂದು ವಾರ ಯಾರೂ ಮುಟ್ಟಲಿಲ್ಲ.

"ಯಾಕ್ರೋ?" ಎಂದೆ.

ಹಿರಿಯ ಪೈಲ್ವಾನ ಕೈಮುಗಿದ. "ಪೂಜಿ ಆದದ್ದನ್ನ ದಿನಾ ಹೆಗಲಿಗೆ ಹಾಕ್ಕೊಂತಾರೇನ್ರಿ? ಪಾಲಕಿ ಹೊಂಡೂ ದಿನ ಹೇಳ್ರಿ, ಎತ್ತತೀವಿ."

೨. ಕಿವಿ

ಆ ಯಂತ್ರಕ್ಕೆ ಮೊದಲು ಹೆಗಲು ಕೊಟ್ಟವನು ಒಬ್ಬ ಹಮಾಲ. ಹಿಂದೆ ನಮ್ಮ ಶಾಲೆಯಲ್ಲೇ ನಾಲ್ಕನೇ ಇಯತ್ತೆವರೆಗೆ ಓದಿದವನು. ಲಾರಿಯ ಹಲಗೆಯಿಂದ ಬಿದ್ದು ಮೊಣಕಾಲು ಮುರಿದಿತ್ತು. ಕಟ್ಟು ಬಿಚ್ಚಿದ ಡಾಕ್ಟರು, ಇನ್ನು ಕಾಲಿಗೆ ಕಸುವು ಬರಬೇಕು ಅಂದಿದ್ದರು. ಚೀಲ ಹೊತ್ತು ಕೂತು ಎದ್ದು ತೋರಿಸಿದರೆ ಮಾತ್ರ ಹಮಾಲರ ಟೋಳಿಗೆ ಸೇರಿಸುತ್ತೇನೆ ಅಂದಿದ್ದ, ಅವರ ಉಸ್ತುವಾರಿ ನೋಡುವ ಗಿರಣಿಯ ಮುಕಾದಮ. ಅಲ್ಲಿಯವರೆಗೆ ಬಾಗಿಲ ಬಳಿ ಕೂತು ಹರಿದ ಚೀಲ ಹೊಲಿಯಬೇಕು.

"ನಮ್ಮ ಮಂದಿ ನನ್ನ ಮುಂದನ ಹಾದು ಹೋಗ್ತಾರ್ರಿ ಮಾಸ್ತರ. ಒಬ್ಬರೂ ಮಾತಾಡ್ಸಂಗಿಲ್ಲ," ಎಂದು ಕಣ್ಣೊರೆಸಿಕೊಂಡ.

ಬರೀ ಸಲಾಕೆ ಹೆಗಲಿಗಿಟ್ಟು ಹೇಳಿಕೊಟ್ಟೆ: "ಪಾದ ಒಂದೀಟು ಮುಂದ ಇಡು. ಬೆನ್ನು ನೆಟ್ಟಗಿರ್ಲಿ. ಕುರ್ಚಿ ಮ್ಯಾಲೆ ಕುಂಡ್ರುವಂಗ ಹಿಂದಕ್ಕ ಕುಂಡ್ರು."

ಅವನು ಸಲಾಕೆ ಬಿಟ್ಟು ಎರಡೂ ಕಿವಿ ಹಿಡಿದುಕೊಂಡ.

"ಕಿವಿ ಯಾಕೋ?"

"ಸಾಲ್ಯಾಗ ನೀವ ಹಿಂಗ ಕಲಿಸಿದ್ರೆಲ್ರಿ!"

೩. ಮುಖ

ಕಿವಿ ಬಿಡಿಸಿದೆ, ತಲೆ ಎತ್ತಿಸಲು ಆಗಲಿಲ್ಲ. ಲಾರಿಯ ಹಲಗೆ ಹತ್ತಿಳಿದು ರೂಢಿಯಾದ ಹಮಾಲನ ಕಣ್ಣು ಯಾವಾಗಲೂ ಕಾಲಡಿಯಲ್ಲೇ. ಅವನು ಕೆಳಗೆ ನೋಡಿದನೆಂದರೆ ಬೆನ್ನು ಬಾಗುತ್ತಿತ್ತು, ಮೊಣಕಾಲು ಒಳಕ್ಕೆ ಮಡಿಯುತ್ತಿತ್ತು. ಹದಿನೈದು ದಿನ ಒದರಿ ನನ್ನ ಗಂಟಲು ಬಿದ್ದುಹೋಯಿತು.

ಒಂದು ಸಂಜೆ ಅವನ ಹೆಂಡತಿ ಮಜ್ಜಿಗೆ ತಂದು ಎದುರಿನ ಗೋಡೆಗೆ ಒರಗಿ ನಿಂತಳು. ಇವನ ಮುಖ ತಾನಾಗಿ ಮೇಲೆದ್ದಿತು. ಬೆನ್ನು ನೆಟ್ಟಗಾಯಿತು, ಹಿಮ್ಮಡಿ ನೆಲಕ್ಕೆ ಕೂತಿತು.

"ತಂಗಿ, ದಿನಾ ಬಾರವ್ವ," ಎಂದೆ. ಲಂಗೋಟಿ ಮೇಲಿದ್ದ ನಮ್ಮ ಪೈಲ್ವಾನರು ಅವತ್ತು ಗೋಡೆ ಹಾರಿ ಹೋದವರು, ಮರುದಿನ ಧೋತರ ಉಟ್ಟುಕೊಂಡೇ ಬಂದರು.

೪. ಚೀಲ

ಮೂರು ತಿಂಗಳ ಮೇಲೆ ಪರೀಕ್ಷೆಯ ದಿನ ಬಂತು. ಗಿರಣಿಯ ಅಂಗಳದಲ್ಲಿ ಟೋಳಿಯವರೆಲ್ಲ ಸುತ್ತ ನಿಂತಿದ್ದರು. ಬೆನ್ನ ಮೇಲೆ ಅಕ್ಕಿಚೀಲ ಹೊತ್ತು ಅವನು ನಿಧಾನಕ್ಕೆ, ಕಲಿಸಿದ ಹಾಗೆಯೇ ಕುಳಿತ. ಕುಳಿತವನು ಏಳಲೇ ಇಲ್ಲ.

"ಕಾಲು ಹಿಡೀತೇನೋ?" ಎಂದ ಮುಕಾದಮ.

"ಕಾಲು ಛಲೋ ಅದಾವ್ರಿ. ಆಕಿ ಎಲ್ಲಿ?"

ಹಿಂದಿದ್ದ ಹೆಂಡತಿ ಜನರನ್ನು ಸರಿಸಿಕೊಂಡು ಬುತ್ತಿ ಸಮೇತ ಎದುರಿಗೆ ಬಂದಳು. "ಇಲ್ಲೇ ಅದೀನಿ. ಏಳ್ರಿ, ರೊಟ್ಟಿ ಆರ್ತಾವ."

ಎದ್ದ! ಚೀಲ ಅಲುಗಲಿಲ್ಲ. ಮೂರು ತಿಂಗಳು ಮಾತಾಡಿಸದ ಟೋಳಿಯವರು ಶಿಳ್ಳೆ ಹಾಕಿ ಅವನನ್ನೇ ಹೊತ್ತುಕೊಂಡರು. ನಾನು ನಾಚಿಕೆಯಿಲ್ಲದೆ ಅತ್ತೆ.

ಮುಕಾದಮ ಗಡ್ಡ ಕೆರೆದುಕೊಂಡ. "ನಾಳಿಂದ ಟೋಳಿಗೆ ಬಾ. ಆದ್ರ ಇನ್ನ ಎಲ್ಲಾರೂ ಹೆಂಡ್ತೀನ್ನ ಎದುರಿಗೆ ನಿಲ್ಲಸ್ರಿ ಅಂದ್ರ ಅಂಗಳ ತುಂಬ ಅವರ ಆಗ್ತಾರ, ನಾ ಚೀಲ ಎಲ್ಲಿ ಇಡ್ಲಪಾ?"