ವನಿತಾಳ ಅರುವತ್ತು ಕಿಲೋದಲ್ಲಿ ನನ್ನ ಪಾಲು

ನಾನು ಸುಳ್ಯ ಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವವನು. ಓದಿದ್ದು ಆರನೆಯವರೆಗೆ, ಹೊತ್ತದ್ದಕ್ಕೆ ಲೆಕ್ಕವಿಲ್ಲ. ಹಾಗಾಗಿ ತಂಗಿ ವನಿತಾಳ ಭಾರ ಎತ್ತುವ ಅಭ್ಯಾಸಕ್ಕೆ ಒಬ್ಬ ಜೊತೆಗಾರ ಬೇಕೆಂದಾಗ, ನನಗಿಂತ ಯೋಗ್ಯ ಇನ್ನೊಬ್ಬನಿಲ್ಲ ಎಂದೇ ನಂಬಿದೆ.

ವನಿತಾಳ ಕಾಲಿಗೆ ಹುಟ್ಟಿನಿಂದ ಬಲವಿಲ್ಲ. ಊರುಗೋಲು ಹಿಡಿದು ನಡೆಯುತ್ತಾಳೆ. ಅಂಗವಿಕಲರ ಪವರ್‌ಲಿಫ್ಟಿಂಗಿನಲ್ಲಿ ಬೆಂಚಿನ ಮೇಲೆ ಮಲಗಿ, ತೂಕದ ಬಿಲ್ಲೆ ಸಿಕ್ಕಿಸಿದ ಕಬ್ಬಿಣದ ಸರಳನ್ನು ಎದೆಗೆ ಇಳಿಸಿ ಮೇಲಕ್ಕೆ ದೂಡಬೇಕು. ಜಿಮ್ಮಿನಲ್ಲಿ ಅವಳಿಗೆ ಕಲಿಸುವ ಅಶ್ರಫ್ ನನಗೆ ಒಪ್ಪಿಸಿದ ಕೆಲಸ ಒಂದೇ: ಅವಳ ತಲೆಯ ಹಿಂದೆ ನಿಲ್ಲಬೇಕು, ಸರಳು ಬೀಳುವಂತಾದರೆ ಮಾತ್ರ ಹಿಡಿಯಬೇಕು.

ಆದರೆ ನಮ್ಮ ಕಸುಬಿನಲ್ಲಿ ಒಬ್ಬ ಭಾರ ಎತ್ತುವಾಗ ಇನ್ನೊಬ್ಬ ನೋಡುತ್ತ ನಿಲ್ಲುವುದು ಮರ್ಯಾದೆಯಲ್ಲ. ಕೇಳದೆಯೇ ಕೈ ಹಾಕಬೇಕು. ತಂಗಿಯ ಮುಖ ಕೆಂಪಾದರೆ ಸಾಕು, ನನ್ನ ಎರಡು ಬೆರಳು ತಾವಾಗಿಯೇ ಸರಳಿನ ಅಡಿ ಸೇರುತ್ತಿದ್ದವು.

"ಅಣ್ಣಾ, ನೀನು ಮುಟ್ಟಿದ್ದಾ?" ಎಂದು ಕೇಳುತ್ತಿದ್ದಳು.

"ನಾನಾ? ಸೊಳ್ಳೆ ಓಡಿಸಿದ್ದು ಮಾರಾಯ್ತಿ!"

ಹೀಗೆ ಅವಳು ಐವತ್ತು ಕಿಲೋ ದಾಟಿದಳು. ಅರುವತ್ತೂ ಎತ್ತಿದಳು. ಅಶ್ರಫ್ ಲಡ್ಡು ಹಂಚಿದ. ನಾನೂ ಎರಡು ತಿಂದೆ!

ಆಮೇಲೆ ಪುತ್ತೂರಿನಲ್ಲಿ ಆಯ್ಕೆ ಸ್ಪರ್ಧೆ. ರಾಜ್ಯ ತಂಡಕ್ಕೆ ಸೇರಲು ಅರುವತ್ತು ಕಿಲೋ ಎತ್ತಬೇಕು. ಇರುವುದು ಮೂರೇ ಅವಕಾಶ. ನಾನು ಗತ್ತಿನಿಂದ ಮೊದಲನೆಯದಕ್ಕೇ ಅರುವತ್ತು ಬರೆಸಿದೆ. ಸರಳು ಎದೆಗೆ ಇಳಿಯಿತು. ಅಲ್ಲೇ ವಾಸವಾಯಿತು! ಮೂಟೆ ಹೊರುವವನ ಎರಡು ಬೆರಳು ಎಷ್ಟು ಕಿಲೋ ಎಂಬುದು ನನಗೆ ಆಗ ತಿಳಿಯಿತು.

"ಐವತ್ತಕ್ಕೆ ಇಳಿಸಿ ಸಾರ್," ಎಂದೆ.

"ಒಮ್ಮೆ ಬರೆಸಿದ ಮೇಲೆ ಇಳಿಸ್ಲಿಕ್ಕೆ ಇಲ್ಲ," ಎಂದರು ತೀರ್ಪುಗಾರರು.

ಎರಡನೇ ಸಲ ಸರಳು ಅರ್ಧ ಏರಿ ನಡುಗಿತು. ಮುಂದಿನದು ನೆನಪಿಲ್ಲ. ನೋಡುವಾಗ ನಾನು ವೇದಿಕೆಯ ಮೇಲಿದ್ದೆ, ಬೆರಳು ಸರಳಿನ ಅಡಿಯಲ್ಲಿತ್ತು. ತೀರ್ಪುಗಾರರ ಮೂರೂ ದೀಪ ಕೆಂಪು, ಎತ್ತಿದ್ದು ರದ್ದು!

ವನಿತಾ ಮಲಗಿದಲ್ಲಿಂದಲೇ ನನ್ನ ಬೆರಳು ನೋಡಿದಳು.

"ಜಿಮ್ಮಿನಲ್ಲೂ ಇದೇ ಮಾಡಿದ್ದಲ್ವಾ?"

"ಸ್ವಲ್ಪ..."

"ನನ್ನ ಊರುಗೋಲು ಹಿಡ್ಕೋ. ಎರಡೂ ಕೈಯಲ್ಲಿ!"

ಹಿಡಿದೆ. ಮೂರನೇ ಸಲವೂ ಏಳಲಿಲ್ಲ.

ವಾಪಸು ಬಸ್ಸಿನಲ್ಲಿ ಜಾಲ್ಸೂರಿನವರೆಗೆ ಅವಳ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದೇ ಕೂತೆ. ಒಂದು ಲಾರಿ ಸಿಮೆಂಟು ಇಳಿಸಿದರೂ ನಾನು ಅಷ್ಟು ದಣಿದವನಲ್ಲ. ಅಲ್ಲಿ ಅವಳು ಅಂದಳು: "ನನ್ನಿಂದ ಎಷ್ಟು ಆಗ್ತದೆಂದು ನನಗೇ ಗೊತ್ತಿಲ್ಲದ ಹಾಗೆ ಮಾಡಿದೆಯಲ್ಲ ಅಣ್ಣಾ."

ಈಗ ಅವಳ ಹಿಂದೆ ನಿಲ್ಲುವವನು ಅಶ್ರಫ್. ನಲುವತ್ತರಿಂದ ಮತ್ತೆ ಶುರು. ನಾನು ಊರುಗೋಲು ಹಿಡಿದು ಮೂಲೆಯಲ್ಲಿ ಕೂರುವ ಅಧಿಕೃತ ಹುದ್ದೆಯಲ್ಲಿದ್ದೇನೆ. ನಿನ್ನೆ ಅವಳು ನಲುವತ್ತೆಂಟು ಎತ್ತಿದಳು. ಪೂರ್ತಿ ಅವಳದ್ದೇ.

ಅಶ್ರಫ್ ನನ್ನತ್ತ ತಿರುಗಿದ. "ಎಂತ ಮಾರಾಯ, ಅವಳು ಇಳಿಸಿ ಆಯ್ತು. ನೀನೂ ಇಳಿಸು!"

ನೋಡಿದೆ. ಎರಡೂ ಊರುಗೋಲು ನನ್ನ ತಲೆಯ ಮೇಲಿದ್ದವು!